ಟ್ಯಾಮ್‌ವರ್ತ್‌ನಿಂದ ವೆಂಬ್ಲಿವರೆಗೆ, ಅಡಿಕೆ ಸುಲಿಯುತ್ತಲೇ

ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯಾವಳಿಯಾದ ಎಫ್‌ಎ ಕಪ್ ನೋಡಲು ಯಾವುದಾದರೂ ಒಂದು ತಂಡದ ಅಭಿಮಾನಿಯಾಗಿರಬೇಕೆಂಬ ಕಟ್ಟಳೆ ಏನೂ ಇಲ್ಲ. ಆಗಿದ್ದರೆ ನಷ್ಟವೇ ಹೆಚ್ಚು. ಲೀಗಿನಲ್ಲಿ ಸೋತವರು ಮುಂದಿನ ವಾರ ಮತ್ತೆ ಆಡುತ್ತಾರೆ. ಕಪ್ಪಿನಲ್ಲಿ ಸೋತವರು ಗಂಟುಮೂಟೆ ಕಟ್ಟುತ್ತಾರೆ. ನಿಮ್ಮ ತಂಡ ಜನವರಿಯಲ್ಲೇ ಹೊರಬಿದ್ದರೆ ಮೇ ತಿಂಗಳವರೆಗೆ ನೀವು ಯಾರ ಆಟ ನೋಡುತ್ತೀರಿ? ನಮ್ಮ ಮನೆಯಲ್ಲಿ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದೇವೆ. ನಿಮ್ಮ ತಂಡವನ್ನು ಯಾರು ಸೋಲಿಸುತ್ತಾರೋ ಮುಂದಿನ ಸುತ್ತಿನಿಂದ ಅವರೇ ನಿಮ್ಮ ತಂಡ. ಅವರನ್ನು ಇನ್ನೊಬ್ಬರು ಸೋಲಿಸಿದರೆ ಆ ಇನ್ನೊಬ್ಬರು. ಹಳೆಯ ಹೆಸರಿನ ಮೇಲೆ ಗೆರೆ ಎಳೆದು ಕೆಳಗೆ ಹೊಸ ಹೆಸರು ಬರೆದುಕೊಳ್ಳುವುದು, ಅಷ್ಟೇ.

ಇದರಲ್ಲಿ ಒಂದು ಚಂದದ ಲೆಕ್ಕವಿದೆ. ಹೀಗೆ ಗೆದ್ದವರ ಬೆನ್ನು ಹಿಡಿದು ಹೋದರೆ, ಎಲ್ಲಿಂದ ಹೊರಟಿದ್ದರೂ ಕೊನೆಗೆ ಕಪ್ ಎತ್ತುವ ತಂಡಕ್ಕೇ ಬಂದು ಸೇರುತ್ತೀರಿ. ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ತುಂಗೆಯ ಹಳ್ಳವಾದರೂ ಭದ್ರೆಯ ಹಳ್ಳವಾದರೂ ನೀರು ಕೂಡ್ಲಿಯಲ್ಲಿ ಒಂದಾಗಲೇಬೇಕಲ್ಲ, ಹಾಗೆ. (ನಮ್ಮ ಊರಿನ ನೀರು ಶರಾವತಿಗೆ ಹೋಗುತ್ತದೆ, ಆ ಮಾತು ಬೇರೆ.) ಹಾಗಾದರೆ ಎಲ್ಲರೂ ಗೆದ್ದಂತಾಯಿತಲ್ಲ, ಇದರಲ್ಲಿ ಸ್ಪರ್ಧೆ ಎಲ್ಲಿ ಬಂತು ಎಂದು ಕೇಳಬಹುದು. ಸ್ಪರ್ಧೆ ಇರುವುದು ಎಷ್ಟು ಹೆಸರು ದಾಟಿ ಬಂದಿರಿ ಎಂಬುದರಲ್ಲಿ. ಕಡಿಮೆ ಹೆಸರು ಬರೆದವರು ಗೆದ್ದಂತೆ. ಅತಿ ಹೆಚ್ಚು ಹೆಸರು ಬರೆದವರು ಮೇ ತಿಂಗಳಲ್ಲಿ ಎಲ್ಲರಿಗೂ ಹಲಸಿನ ಹಣ್ಣಿನ ಕಡುಬು ಮಾಡಿ ಹಾಕಬೇಕು. ಹಣ ಕಟ್ಟುವಂತಿಲ್ಲ. ಕ್ರಿಕೆಟ್ ಬಾಜಿಯಲ್ಲಿ ಹುಡುಗರು ಬೈಕು ಮಾರಿಕೊಂಡದ್ದನ್ನು ನೋಡಿದ ಮೇಲೆ ನಮ್ಮ ಅಪ್ಪಯ್ಯ ಹಾಕಿದ ನಿಯಮ ಅದು. ಅದೊಂದನ್ನು ಇದುವರೆಗೆ ಯಾರೂ ಮುರಿದಿಲ್ಲ.

ನಮ್ಮದು ಸಾಗರದಿಂದ ತಾಳಗುಪ್ಪದ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಊರು. ಅಡಿಕೆ ತೋಟ, ಸ್ವಲ್ಪ ಗದ್ದೆ. ಅಡಿಕೆಯವರ ಮನೆಗೆ ಈ ಕಪ್ ಹೇಳಿ ಮಾಡಿಸಿದಂತಿದೆ. ಅಲ್ಲಿನ ಅತಿ ಮೇಲಿನ ದರ್ಜೆಯಾದ ಪ್ರೀಮಿಯರ್ ಲೀಗಿನಲ್ಲಿ ಒಂದು ತಂಡಕ್ಕೆ 38 ಪಂದ್ಯ. ಅಷ್ಟನ್ನೂ ನೋಡುತ್ತ ಕುಳಿತರೆ ತೋಟ ನೋಡುವವರು ಯಾರು? ಕಪ್ಪಿನ ಸುತ್ತುಗಳ ನಡುವೆ ಮೂರು, ನಾಲ್ಕು, ಕೆಲವೊಮ್ಮೆ ಆರು ವಾರಗಳ ಬಿಡುವು ಇರುತ್ತದೆ. ಮೊದಲ ಸುತ್ತು ನವೆಂಬರ್ ಆರಂಭದಲ್ಲಿ ಬರುತ್ತದೆ, ನಮ್ಮಲ್ಲಿ ಆಗ ಮೊದಲ ಕೊಯ್ಲು. ಎರಡನೆಯದು ಡಿಸೆಂಬರ್ ಹೊಸ್ತಿಲಲ್ಲಿ. ದೊಡ್ಡ ತಂಡಗಳು ಇಳಿಯುವ ಮೂರನೆಯ ಸುತ್ತು ಜನವರಿಯಲ್ಲಿ, ಅಂದರೆ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲ ಒಟ್ಟಿಗೆ ಮೈಮೇಲೆ ಬಿದ್ದಿರುವಾಗ. ಮಾರ್ಚ್ ಹೊತ್ತಿಗೆ ರಾಶಿ ಅಡಿಕೆ ಚೀಲಕ್ಕೆ ಸೇರಿರುತ್ತದೆ, ಕ್ವಾರ್ಟರ್ ಫೈನಲ್ ಬರುತ್ತದೆ. ಫೈನಲ್ ಹೊತ್ತಿಗೆ ಮುಂಗಾರಿನ ಮೋಡ. ವರ್ಷದ ದುಡಿಮೆ ಮತ್ತು ಕಪ್ ಒಟ್ಟಿಗೆ ಮುಗಿಯುತ್ತವೆ.

ಈ ಪಂದ್ಯಾವಳಿ ಶುರುವಾದದ್ದು 1871ರಲ್ಲಿ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದ ಚಾರ್ಲ್ಸ್ ಆಲ್ಕಾಕ್ ತಾನು ಓದಿದ ಹ್ಯಾರೋ ಶಾಲೆಯಲ್ಲಿ ವಿದ್ಯಾರ್ಥಿ ನಿಲಯಗಳ ನಡುವೆ ನಡೆಯುತ್ತಿದ್ದ ಸೋತವರು ಹೊರಗೆ ಎಂಬ ಸ್ಪರ್ಧೆಯನ್ನೇ ದೇಶಕ್ಕೆಲ್ಲ ಹಿಗ್ಗಿಸಿದರು. 1872ರ ಮೊದಲ ಫೈನಲ್ ನಡೆದದ್ದು ಓವಲ್ ಮೈದಾನದಲ್ಲಿ. ಈಗ ನಾವು ಟೆಸ್ಟ್ ಪಂದ್ಯ ನೋಡುತ್ತೇವಲ್ಲ, ಅದೇ ಓವಲ್. ಇವತ್ತು ಏಳುನೂರಕ್ಕೂ ಹೆಚ್ಚು ಕ್ಲಬ್ಬುಗಳು ಹೆಸರು ಕೊಡುತ್ತವೆ. ಆಗಸ್ಟಿನಿಂದಲೇ ಅರ್ಹತಾ ಸುತ್ತುಗಳು ನಡೆಯುತ್ತವೆ. ಅವುಗಳನ್ನು ನಾವು ಮುಟ್ಟುವುದಿಲ್ಲ. ಆಗ ಇಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಗಡಿಬಿಡಿ.

ನಮ್ಮ ಲೆಕ್ಕ ನವೆಂಬರಿನ ಮೊದಲ ಸುತ್ತಿನಿಂದ. ಆಗ ಕಣದಲ್ಲಿ 80 ತಂಡಗಳು: ಇಂಗ್ಲೆಂಡಿನ ಲೀಗಿನ ಮೂರನೆಯ ಮತ್ತು ನಾಲ್ಕನೆಯ ದರ್ಜೆಯ 48, ಅವಕ್ಕಿಂತ ಕೆಳಗಿನಿಂದ ಅರ್ಹತೆ ಪಡೆದು ಬಂದ 32. ಎರಡು ಸುತ್ತು ಮುಗಿದಾಗ 20 ಉಳಿಯುತ್ತವೆ. ಮೇಲಿನ ಎರಡು ದರ್ಜೆಗಳ 44 ತಂಡಗಳು ಜನವರಿಯಲ್ಲಿ ಸೇರಿ 64 ಆಗುತ್ತವೆ. ಅಲ್ಲಿಂದ ಅರ್ಧ ಅರ್ಧ. ಒಟ್ಟು 124 ತಂಡ, ಒಬ್ಬರೇ ಗೆಲ್ಲಬೇಕು, ಆದ್ದರಿಂದ 123 ಪಂದ್ಯ. ಪ್ರತಿ ಪಂದ್ಯಕ್ಕೂ ಒಂದು ತಂಡ ಹೊರಗೆ ಎಂಬುದನ್ನು ಹಿಡಿದರೆ ಸುತ್ತು ಸುತ್ತಾಗಿ ಕೂಡುವ ಕೆಲಸವಿಲ್ಲ. ಮನೆಯ ಮಕ್ಕಳಿಗೆ ಈ ಲೆಕ್ಕ ಹೇಳಿಕೊಟ್ಟರೆ ಅವರೇ ಊರ ಕಬಡ್ಡಿ ಪಂದ್ಯಾವಳಿಗೆ ಎಷ್ಟು ಹೊತ್ತು ಬೇಕೆಂದು ಹೇಳಿಬಿಡುತ್ತಾರೆ.

ಕಬಡ್ಡಿಯ ಮಾತು ಬಂತು. ನಮ್ಮ ಕಡೆ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಟೈಸ್ ಹಾಕುವುದೇ, ಅಂದರೆ ಯಾರಿಗೆ ಯಾರು ಎದುರಾಳಿ ಎಂದು ನಿರ್ಧರಿಸುವುದೇ, ಅರ್ಧ ರಾಜಕೀಯ. ಬಲವಾದ ಎರಡು ತಂಡಗಳು ಮೊದಲೇ ಎದುರಾಗದಂತೆ, ಸಂಘಟಕರ ಊರಿನ ತಂಡಕ್ಕೆ ಬೈ (ಆಡದೆಯೇ ಮುಂದಿನ ಸುತ್ತು) ಸಿಗುವಂತೆ ಕೈಚಳಕ ನಡೆಯುವುದನ್ನು ಎಲ್ಲರೂ ಬಲ್ಲರು. ಎಫ್‌ಎ ಕಪ್ಪಿನ ಟೈಸ್ ನೋಡಿದರೆ ಸಮಾಧಾನವಾಗುತ್ತದೆ. ಪ್ರತಿ ಸುತ್ತಿಗೂ ಹೊಸದಾಗಿ ಚೆಂಡು ಎತ್ತುತ್ತಾರೆ. ತಂಡಕ್ಕೊಂದು ಸಂಖ್ಯೆ, ಮೊದಲು ಬಂದ ಸಂಖ್ಯೆಯವರಿಗೆ ತಮ್ಮದೇ ಮೈದಾನ, ಎರಡನೆಯದು ಎದುರಾಳಿ. ದೊಡ್ಡವರು, ಚಿಕ್ಕವರು ಎಂಬ ಬೇರ್ಪಡಿಕೆ ಇಲ್ಲ. ಮೂರನೆಯ ಸುತ್ತಿನಲ್ಲೇ ಆರ್ಸೆನಲ್ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ ಎದುರಾಗಬಹುದು. 2025ರಲ್ಲಿ ಹಾಗೇ ಆಯಿತು. ಪಂದ್ಯ ನೋಡಲು ಪುರುಸೊತ್ತಿಲ್ಲದ ವಾರವೂ ಚೆಂಡು ಎತ್ತುವುದನ್ನು ಮಾತ್ರ ನಾವು ತಪ್ಪಿಸುವುದಿಲ್ಲ.

ನಾವು ಮಾಡುವ ಕ್ರಮ ಹೀಗಿದೆ. ಅಕ್ಟೋಬರ್ ಮಧ್ಯದಲ್ಲಿ ಮೊದಲ ಸುತ್ತಿನ ಟೈಸ್ ಆದ ಕೂಡಲೇ ಕೆಳಗಿನಿಂದ ಬಂದ ಆ 32 ತಂಡಗಳ ಹೆಸರನ್ನು ಚೀಟಿಯಲ್ಲಿ ಬರೆದು ತಾಮ್ರದ ಚೊಂಬಿಗೆ ಹಾಕುತ್ತೇನೆ. ಮನೆಯವರು, ಅಕ್ಕಪಕ್ಕದವರು, ಕೊಯ್ಲಿಗೆ ಬರುವವರು ತಲೆಗೊಂದು ಎತ್ತುತ್ತಾರೆ. ದೊಡ್ಡ ತಂಡಗಳ ಹೆಸರು ಚೊಂಬಿನಲ್ಲಿ ಇರುವುದೇ ಇಲ್ಲ, ಆದ್ದರಿಂದ ಫುಟ್‌ಬಾಲ್ ಗೊತ್ತಿರುವವರಿಗೂ ಗೊತ್ತಿಲ್ಲದವರಿಗೂ ಅದೃಷ್ಟ ಒಂದೇ. ತಡವಾಗಿ ಬಂದವರು ಮೂರನೆಯ ಸುತ್ತಿಗೆ ಸೇರಬಹುದು, 64ರಲ್ಲಿ ಬೇಕಾದವರನ್ನು ಆರಿಸಿಕೊಳ್ಳಬಹುದು. ಆದರೆ ಅವರ ಲೆಕ್ಕಕ್ಕೆ ಎರಡು ಹೆಸರು ದಂಡವಾಗಿ ಸೇರುತ್ತದೆ. ಎಲ್ಲವನ್ನೂ ಬರೆದಿಡಲು ಒಂದು ಉದ್ದನೆಯ ಲೆಕ್ಕದ ಪುಸ್ತಕ. ಕೊಯ್ಲಿನ ಆಳು ಲೆಕ್ಕ ಮುಂದಿನಿಂದ, ಕಪ್ಪಿನ ಲೆಕ್ಕ ಹಿಂದಿನಿಂದ.

ಸಮಯದ ವಿಷಯದಲ್ಲಿ ಹೊಸಬರು ಎಡವುತ್ತಾರೆ, ಅದಕ್ಕೇ ಹೇಳಿಬಿಡುತ್ತೇನೆ. ಅಕ್ಟೋಬರಿನ ಕೊನೆಯ ಭಾನುವಾರದಿಂದ ಮಾರ್ಚಿನ ಕೊನೆಯ ಭಾನುವಾರದವರೆಗೆ ಇಂಗ್ಲೆಂಡಿನ ಗಡಿಯಾರಕ್ಕೆ ಐದೂವರೆ ಗಂಟೆ ಕೂಡಿಸಬೇಕು, ಆಮೇಲೆ ನಾಲ್ಕೂವರೆ. ಅವರ ಶನಿವಾರ ಮಧ್ಯಾಹ್ನ 3 ಗಂಟೆ ಎಂದರೆ ಚಳಿಗಾಲದಲ್ಲಿ ನಮಗೆ ರಾತ್ರಿ 8.30. ಸುಲಿಯುವ ಕೆಲಸ ಕುದುರಿಕೊಳ್ಳುವ ಹೊತ್ತು. ಅವರ ರಾತ್ರಿ 8 ಎಂದರೆ ನಮಗೆ 1.30, ಆ ಪಂದ್ಯಗಳ ಆಸೆ ಬಿಟ್ಟಿದ್ದೇನೆ. ಸುತ್ತಿನ ವೇಳಾಪಟ್ಟಿ ಬಂದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ನಮ್ಮ ಸಮಯದಲ್ಲಿ ಬರೆದಿಟ್ಟರೆ ಆಮೇಲೆ ಗೊಂದಲವಿಲ್ಲ. ಏಕಾದಶಿ, ಸಂಕಷ್ಟಿಗಳ ಪಕ್ಕದಲ್ಲಿ ‘ವಿಲ್ಲಾ 11.05’ (ಆಸ್ಟನ್ ವಿಲ್ಲಾ ತಂಡದ ಆಟದ ಹೊತ್ತು) ಎಂದು ಬರೆದಿರುವುದನ್ನು ನೋಡಿ ಪುರೋಹಿತರು ಒಮ್ಮೆ ಇದು ಯಾವ ಮುಹೂರ್ತ ಎಂದು ಕೇಳಿದ್ದರು.

ಸಿಗ್ನಲ್ ಇನ್ನೊಂದು ಕಥೆ. ನಮ್ಮ ಮನೆಯೊಳಗೆ ಮೊಬೈಲ್ ಸತ್ತಂತೆ. ಅಂಗಳದ ಚಪ್ಪರದ ಮೂಡಣ ಮೂಲೆಯಲ್ಲಿ ಮಾತ್ರ ಎರಡು ಗೀಟು ಕಾಣಿಸುತ್ತದೆ. ಪುಣ್ಯಕ್ಕೆ ಅಡಿಕೆ ಸುಲಿಯುವುದೂ ಅದೇ ಚಪ್ಪರದಡಿ. ಚಿತ್ರದ ಗುಣಮಟ್ಟವನ್ನು ಕಡಿಮೆಗೆ ಇಟ್ಟರೆ ಆಟ ನಿಲ್ಲದೆ ಬರುತ್ತದೆ, ಚೆಂಡು ಕಾಣಿಸುವುದಿಲ್ಲ ಅಷ್ಟೇ. ಆಟಗಾರರು ಓಡುವ ದಿಕ್ಕು ನೋಡಿ ಚೆಂಡು ಎಲ್ಲಿದೆ ಎಂದು ಊಹಿಸಲು ನಾವೆಲ್ಲ ಕಲಿತಿದ್ದೇವೆ. ಕೆಳಗಿನ ತಂಡಗಳ ಪಂದ್ಯಗಳನ್ನು ಇಲ್ಲಿ ತೋರಿಸುವುದೇ ಅಪರೂಪ. ಮೊದಲ ಎರಡು ಸುತ್ತುಗಳಲ್ಲಿ ಸ್ಕೋರು ತೋರಿಸುವ ಆ್ಯಪ್ ಒಂದೇ ಗತಿ.

2024ರ ಅಕ್ಟೋಬರಿನಲ್ಲಿ ಚೊಂಬಿನಿಂದ ನನಗೆ ಬಂದದ್ದು ಹಾರ್ಬರೋ ಟೌನ್. ಏಳನೆಯ ದರ್ಜೆಯ ತಂಡ. ಅತ್ತಿಗೆಗೆ ಬಂದದ್ದು ಟ್ಯಾಮ್‌ವರ್ತ್, ಐದನೆಯ ದರ್ಜೆ. ಹೊಸದಾಗಿ ಆಡುವವರಿಗೆ ಕೆಳಗಿನ ತಂಡವೇ ಸಿಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೇಲಿನ ತಂಡ ಸಿಕ್ಕವರು ಜನವರಿಯವರೆಗೆ ಸುಮ್ಮನೆ ಆಕಳಿಸುತ್ತಾರೆ.

ನನ್ನ ಹಾರ್ಬರೋ ಮೊದಲ ಸುತ್ತಿನಲ್ಲಿ ಟನ್‌ಬ್ರಿಡ್ಜ್ ತಂಡವನ್ನು 4–1ರಿಂದ ಸೋಲಿಸಿತು. ಎರಡನೆಯದರಲ್ಲಿ ರೀಡಿಂಗ್ ಎದುರು ಹೆಚ್ಚುವರಿ ಸಮಯದವರೆಗೆ ಎಳೆದು 5–3ರಿಂದ ಸೋತಿತು. ಮೂರನೆಯ ದರ್ಜೆಯ ತಂಡದ ಮೈದಾನಕ್ಕೇ ಹೋಗಿ ಮೂರು ಗೋಲು ಹೊಡೆದವರನ್ನು ಬಿಟ್ಟು ಹೊಡೆಸಿಕೊಂಡವರ ಹೆಸರು ಬರೆಯುವಾಗ ಸ್ವಲ್ಪ ಸಂಕಟವಾಯಿತು. ಆದರೆ ನಿಯಮ ನಿಯಮವೇ. ಅತ್ತಿಗೆಯ ಟ್ಯಾಮ್‌ವರ್ತ್ ಮಾತ್ರ ಬೇರೆಯೇ ಗತ್ತಿನಲ್ಲಿತ್ತು. ಕೆಲವೇ ವರ್ಷಗಳ ಹಿಂದೆ ಪ್ರೀಮಿಯರ್ ಲೀಗಿನಲ್ಲಿದ್ದ ಹಡರ್ಸ್‌ಫೀಲ್ಡ್ ತಂಡವನ್ನು 1–0ರಿಂದ ಕೆಡವಿತು. ಪಕ್ಕದೂರಿನ ಬರ್ಟನ್ ಆಲ್ಬಿಯನ್ ತಂಡವನ್ನು ಪೆನಾಲ್ಟಿಗಳಲ್ಲಿ ಹಿಮ್ಮೆಟ್ಟಿಸಿತು. ಡಿಸೆಂಬರಿನಲ್ಲಿ ಚೆಂಡು ಎತ್ತಿದಾಗ ಟ್ಯಾಮ್‌ವರ್ತ್ ಮನೆಗೆ ಬರುವ ಅತಿಥಿ ಯಾರೆಂದರೆ ಟಾಟನ್‌ಹ್ಯಾಮ್. ‘ಅವರು ದೊಡ್ಡವರೇ?’ ಎಂದು ಅತ್ತಿಗೆ ಕೇಳಿದರು. 62,000ಕ್ಕೂ ಹೆಚ್ಚು ಜನ ಕೂರುವ ಮೈದಾನ ಅವರದು ಎಂದೆ. ‘ನಮ್ಮದು?’ ಎಂದರು. ಸುಮಾರು ನಾಲ್ಕು ಸಾವಿರ. ‘ಸಾಗರದ ಮಾರಿಜಾತ್ರೆಗೆ ಒಂದು ಮಧ್ಯಾಹ್ನ ಅದಕ್ಕಿಂತ ಹೆಚ್ಚು ಜನ ಸೇರುತ್ತಾರಲ್ಲ’ ಎಂದು ಅವರು ಸಮಾಧಾನ ಮಾಡಿಕೊಂಡರು.

2025ರ ಜನವರಿ 12, ಭಾನುವಾರ, ನಮ್ಮ ಸಮಯ ಸಂಜೆ 6. ಸಂಕ್ರಾಂತಿಗೆ ಎರಡು ದಿನ ಮೊದಲು. ಬೆಳಿಗ್ಗೆ ಇಳಿಸಿದ ಕೊನೆಗಳನ್ನು (ಅಡಿಕೆ ಗೊನೆಗಳನ್ನು) ಬಡಿದು ಚಪ್ಪರದಡಿ ಗುಡ್ಡೆ ಹಾಕಿತ್ತು. ಹಸಿ ಅಡಿಕೆಯನ್ನು ಬಹಳ ಹೊತ್ತು ಬಿಡುವಂತಿಲ್ಲ, ಸುಲಿದು ಹಂಡೆಗೆ ಹಾಕಲೇಬೇಕು. ಇತ್ತೀಚೆಗೆ ಯಂತ್ರಗಳು ಬಂದಿವೆ, ಆದರೂ ನಮ್ಮಲ್ಲಿ ಒಂದಷ್ಟು ಕೈಯಲ್ಲೇ ಸುಲಿಯುತ್ತೇವೆ. ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಕುಳಿತರೆ ಎಡಗೈಗೆ ಕಾಯಿ, ಕತ್ತಿಯ ಮೇಲೆ ಒತ್ತಿ ಎಳೆದರೆ ಸಿಪ್ಪೆ ಬಿಚ್ಚಿಕೊಳ್ಳುತ್ತದೆ, ಅಡಿಕೆ ಬುಟ್ಟಿಗೆ. ಕಣ್ಣು ಕತ್ತಿಯ ಮೇಲಿಂದ ಕದಲಿದರೆ ಬೆರಳಿಗೆ ಗ್ಯಾರಂಟಿ ಇಲ್ಲ. ಆದ್ದರಿಂದ ಕತ್ತಿಯ ಮುಂದೆ ಕೂತವರಾರೂ ಆಟ ನೋಡುವುದಿಲ್ಲ, ಕೇಳುತ್ತಾರೆ. ಮೊಬೈಲನ್ನು ಅಡಿಕೆ ಹಾಳೆಯೊಂದಕ್ಕೆ ಒರಗಿಸಿ, ಸ್ಪೀಕರ್ ಹಚ್ಚಿ, ಇಂಗ್ಲಿಷ್ ವಿವರಣೆಯ ಮೇಲೆ ನಾನು ಕನ್ನಡದಲ್ಲಿ ವಿವರಣೆ ಹೇಳುತ್ತೇನೆ. ಆ ದಿನ ನನ್ನ ಪಾಲಿಗೆ ಒಲೆಯ ಕೆಲಸ. ಹಂಡೆಯ ಚೊಗರು ಬೆರಳಿಗೆಲ್ಲ ಅಂಟಿ ಕಪ್ಪಾಗಿದ್ದರಿಂದ ಮೊಬೈಲಿನ ಪರದೆಯನ್ನು ಗೆಣ್ಣಿನಿಂದ ಒತ್ತುತ್ತಿದ್ದೆ.

ಶುರುವಾಗಬೇಕಾದ ಹೊತ್ತಿಗೆ ಆಟ ಶುರುವಾಗಲಿಲ್ಲ. ಗೋಲಿನ ಬಲೆಯಲ್ಲಿ ತೂತು. ಏಣಿ ತಂದು ಕಟ್ಟುತ್ತಿದ್ದಾರೆ ಎಂದೆ. ಸುಲಿಯುವವರ ಸಾಲಿನಲ್ಲಿ ನಗು ಎದ್ದಿತು. ಅದರಿಂದಲೇ ಎಲ್ಲರಿಗೂ ಟ್ಯಾಮ್‌ವರ್ತ್ ನಮ್ಮವರಾದರು ಎಂದು ನನ್ನ ನಂಬಿಕೆ. ಟ್ಯಾಮ್‌ವರ್ತ್ ಆಟಗಾರರು ದಿನವಿಡೀ ಫುಟ್‌ಬಾಲ್ ಆಡಿ ಹೊಟ್ಟೆ ಹೊರೆಯುವವರಲ್ಲ, ಅವರ ಗೋಲ್‌ಕೀಪರ್ ಜಸ್ ಸಿಂಗ್ ವೃತ್ತಿಯಲ್ಲಿ ಕಟ್ಟಡಗಳ ಸರ್ವೇಯರ್ ಎಂದು ಹೇಳಿದೆ. ‘ನಾಳೆ ಸೋಮವಾರ, ಕೆಲಸಕ್ಕೆ ಹೋಗಬೇಕೇ ಅವರು?’ ಎಂದು ಒಬ್ಬ ಅಕ್ಕ ಕೇಳಿದರು. ಹೋಗಬೇಕಾಗಬಹುದು ಎಂದೆ. ನಮ್ಮ ಕೊನೆಗೌಡನಿಗೆ ಹಿಡಿಸಿದ್ದು ಟಾಮ್ ಟಾಂಕ್ಸ್. ಗೆರೆಯಾಚೆಯಿಂದ ಎರಡು ಕೈಯಲ್ಲಿ ಚೆಂಡನ್ನು ನೇರ ಗೋಲಿನ ಮುಂದಕ್ಕೇ ಎಸೆಯುವವನು. ಆತ ಎಸೆಯುವಾಗಲೆಲ್ಲ ಕೊನೆಗೌಡ ಎದ್ದು ಬಂದು ಪರದೆಯ ಮುಂದೆ ಬಗ್ಗುತ್ತಿದ್ದ. ‘ತೋಳಲ್ಲಿ ಅಲ್ಲ ಅಣ್ಣ, ಬೆನ್ನಲ್ಲಿ ಎಸೆಯುತ್ತಾನೆ ಅವನು. ನೋಡಿ, ಬೆನ್ನು ಬಿಲ್ಲಿನ ಹಾಗೆ ಬಗ್ಗುತ್ತದೆ’ ಎಂದ. ಮರದಿಂದ ಮರಕ್ಕೆ ವಾಲಿಕೊಂಡು ಹೋಗಿ ಹಗ್ಗದಲ್ಲಿ ಕೊನೆ ಇಳಿಸುವವನ ಕಣ್ಣು ಅದು. ಟೀವಿಯ ಪರಿಣತರು ಗಂಟೆಗಟ್ಟಲೆ ಮಾತನಾಡಿದರೂ ಇದನ್ನು ಹೇಳಿದ್ದು ನಾನು ಕೇಳಿಲ್ಲ.

ತೊಂಬತ್ತು ನಿಮಿಷ ಮುಗಿದಾಗ 0–0. ಹಿಂದಿನ ವರ್ಷದವರೆಗೆ ಆಗಿದ್ದರೆ ಅಲ್ಲಿಗೆ ಟ್ಯಾಮ್‌ವರ್ತ್ ಗೆದ್ದಂತೆಯೇ. ಸಮವಾದರೆ ಎದುರಾಳಿಯ ಮೈದಾನದಲ್ಲಿ ಮರುಪಂದ್ಯ, ಆ ದೊಡ್ಡ ಮೈದಾನದ ಟಿಕೆಟ್ ಹಣದಲ್ಲಿ ಪಾಲು. ಚಿಕ್ಕ ಕ್ಲಬ್ಬಿಗೆ ಹಲವು ವರ್ಷದ ಖರ್ಚು ಅದರಲ್ಲೇ ಹುಟ್ಟುತ್ತಿತ್ತು. 2024–25ರಿಂದ ಮೊದಲ ಸುತ್ತಿನಿಂದಲೇ ಮರುಪಂದ್ಯ ರದ್ದು. ದೊಡ್ಡ ಕ್ಲಬ್ಬುಗಳಿಗೆ ಪಂದ್ಯಗಳ ಒತ್ತಡ ಹೆಚ್ಚಾಯಿತಂತೆ. ಬಡವನ ಮನೆಯ ಊಟವನ್ನು ಉಳ್ಳವರ ಅಜೀರ್ಣಕ್ಕೆ ಔಷಧಿ ಎಂದು ನಿಲ್ಲಿಸಿದಂತಿದೆ ಇದು, ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಹೆಚ್ಚುವರಿ ಸಮಯಕ್ಕೆ ಟಾಟನ್‌ಹ್ಯಾಮ್ ಸನ್ ಹ್ಯುಂಗ್-ಮಿನ್, ಕುಲುಸೆವ್‌ಸ್ಕಿ ಅವರಂಥ ದೊಡ್ಡ ಹೆಸರುಗಳನ್ನು ಇಳಿಸಿತು. ದಣಿದ ಕಾಲುಗಳ ಎದುರು ಮೂರು ಗೋಲು ಬಂದವು. ಸಾಲಿನಲ್ಲಿ ಯಾರೂ ಮಾತನಾಡಲಿಲ್ಲ, ಸಿಪ್ಪೆ ಬೀಳುವ ಸದ್ದು ಮಾತ್ರ. ಅತ್ತಿಗೆ ಕೈ ತೊಳೆದುಕೊಂಡು ಬಂದು ಪುಸ್ತಕದಲ್ಲಿ ಟ್ಯಾಮ್‌ವರ್ತ್ ಮೇಲೆ ಗೆರೆ ಎಳೆದರು, ಅದೂ ಪೆನ್ಸಿಲಿನಲ್ಲಿ, ಹೆಸರು ಓದಲು ಬರುವಂತೆ.

ಆ ಸುತ್ತಿನ ಹೊತ್ತಿಗೆ ಅಣ್ಣನ ಮಗ ಸೇರಿಕೊಂಡಿದ್ದ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುವ ಹುಡುಗ, ಸಂಕ್ರಾಂತಿಗೆ ಬಂದವನು ಎರಡು ಹೆಸರಿನ ದಂಡ ಒಪ್ಪಿ ಲಿವರ್‌ಪೂಲ್ ತೆಗೆದುಕೊಂಡ. ಪ್ರೀಮಿಯರ್ ಲೀಗಿನಲ್ಲಿ ಆಗ ಅವರೇ ಮುಂದೆ. ‘ಚಿಕ್ಕಪ್ಪ, ನನಗೆ ಗೆರೆ ಎಳೆಯುವ ಕೆಲಸವೇ ಇಲ್ಲ’ ಎಂದು ಹೇಳಿಕೊಂಡು ತಿರುಗುತ್ತಿದ್ದ. ಫೆಬ್ರವರಿ 9ರ ರಾತ್ರಿ 8.30ಕ್ಕೆ ನಾಲ್ಕನೆಯ ಸುತ್ತು. ಎದುರಿಗೆ ಎರಡನೆಯ ದರ್ಜೆಯಲ್ಲಿ ಕಟ್ಟಕಡೆಗೆ ಇದ್ದ ಪ್ಲಿಮತ್. ಲಿವರ್‌ಪೂಲ್ ತನ್ನ ಮುಖ್ಯ ಆಟಗಾರರನ್ನು ಮನೆಯಲ್ಲೇ ಬಿಟ್ಟು ಬಂದಿತ್ತು. ಎರಡನೆಯ ಅರ್ಧದ ಆರಂಭದಲ್ಲಿ ಚೆಂಡು ಕೈಗೆ ತಾಗಿ ಪೆನಾಲ್ಟಿ, ರಯಾನ್ ಹಾರ್ಡಿ ಹೊಡೆದರು, 1–0. ಅಲ್ಲಿಂದ ಕೊನೆಯವರೆಗೆ ಹುಡುಗ ಶಿವಮೊಗ್ಗದ ಹಾಸ್ಟೆಲಿನಿಂದ ಕಳುಹಿಸುತ್ತಿದ್ದ ಸಂದೇಶಗಳ ಅಕ್ಷರ ಕಡಿಮೆಯಾಗುತ್ತಾ ಹೋದವು. ಪಂದ್ಯ ಮುಗಿದಾಗ ಬಂದದ್ದು ಒಂದು ಪೂರ್ಣವಿರಾಮ ಮಾತ್ರ. ಪ್ಲಿಮತ್ ಹೆಸರನ್ನು ಅವನ ತಾಯಿಯೇ, ಅಂದರೆ ನಮ್ಮ ಅತ್ತಿಗೆಯೇ, ಬಹಳ ಮುತುವರ್ಜಿಯಿಂದ ಬರೆದರು.

ಆದರೆ ಅದೇ ರಾತ್ರಿ 11.05ಕ್ಕೆ ಅತ್ತಿಗೆಯ ಟಾಟನ್‌ಹ್ಯಾಮ್ ಕೂಡ ಆಸ್ಟನ್ ವಿಲ್ಲಾ ಎದುರು 2–1ರಿಂದ ಸೋತಿತು. ತಾಯಿ ಮಗ ಇಬ್ಬರ ಪುಟದಲ್ಲೂ ಒಂದೇ ದಿನ ಗೆರೆ.

ನನ್ನ ಕಡೆಯದು ಚುಟುಕಾಗಿ ಹೇಳುತ್ತೇನೆ, ಹೇಳಿಕೊಳ್ಳುವಂಥದ್ದು ಇಲ್ಲ. ರೀಡಿಂಗ್ ಬರ್ನ್ಲಿಗೆ ಸೋತಿತು. ಬರ್ನ್ಲಿ ಒಂದು ಸುತ್ತು ದಾಟಿ ಪ್ರೆಸ್ಟನ್‌ಗೆ 3–0ರಿಂದ ಸೋತಿತು. ಅಷ್ಟರಲ್ಲಿ ಹುಡುಗನ ಪ್ಲಿಮತ್ ಮ್ಯಾಂಚೆಸ್ಟರ್ ಸಿಟಿ ಎದುರು ಮೊದಲ ಗೋಲು ಹೊಡೆದು ಒಂದಷ್ಟು ಹೊತ್ತು ಆಸೆ ಹುಟ್ಟಿಸಿ 3–1ರಿಂದ ಹೊರಬಿತ್ತು. ಅತ್ತಿಗೆಯ ವಿಲ್ಲಾ ಕಾರ್ಡಿಫ್ ತಂಡವನ್ನು ಸೋಲಿಸಿದ ಪಂದ್ಯ ನಮ್ಮ ರಾತ್ರಿ 1.30ಕ್ಕೆ. ಅತ್ತಿಗೆ ಬೆಳಿಗ್ಗೆ ಹಾಲು ಕರೆದು ಬಂದು ಫಲಿತಾಂಶ ನೋಡಿದರು.

ಮಾರ್ಚ್ 30 ಯುಗಾದಿ. ಅದೇ ದಿನ ಇಂಗ್ಲೆಂಡಿನಲ್ಲಿ ಗಡಿಯಾರ ಮುಂದಕ್ಕೆ ತಿರುಗಿಸಿದ ಭಾನುವಾರ. ಬೇವು ಬೆಲ್ಲ, ಹೋಳಿಗೆ ಊಟ, ಪಂಚಾಂಗ ಶ್ರವಣ ಎಲ್ಲ ಮುಗಿದು ಸಂಜೆ 6ಕ್ಕೆ ಪ್ರೆಸ್ಟನ್ ಮತ್ತು ವಿಲ್ಲಾ, ಅಂದರೆ ನಾನು ಮತ್ತು ಅತ್ತಿಗೆ, ಎದುರುಬದುರು. ಪುಸ್ತಕದ ಎರಡು ಸಾಲುಗಳು ಒಂದಾಗುವುದೇ ಈ ಆಟದಲ್ಲಿ ನನಗೆ ಅತಿ ಇಷ್ಟದ ಗಳಿಗೆ. ಗೆದ್ದವರು ಯಾರಾದರೂ ಅಲ್ಲಿಂದ ಮುಂದೆ ಇಬ್ಬರೂ ಒಂದೇ ಕಡೆ. ಮೊದಲ ಅರ್ಧದಲ್ಲಿ ಪ್ರೆಸ್ಟನ್ ತಡೆದು ನಿಂತಿತು, ಎರಡನೆಯದರಲ್ಲಿ ರ‍್ಯಾಶ್‌ಫರ್ಡ್ ಎರಡು ಹೊಡೆದರು, ರ‍್ಯಾಮ್ಸಿ ಒಂದು. ಅಕ್ಟೋಬರಿನಲ್ಲಿ ಹಾರ್ಬರೋದಿಂದ ಹೊರಟ ನಾನು ಟ್ಯಾಮ್‌ವರ್ತಿನಿಂದ ಹೊರಟ ಅತ್ತಿಗೆಯ ಜೊತೆ ವಿಲ್ಲಾದಲ್ಲಿ ಸೇರಿಕೊಂಡೆ. ನನ್ನದು ಐದನೆಯ ಹೆಸರು, ಅವರದು ಮೂರನೆಯದು.

ನಮ್ಮ ನಾಡಿನದೇ ತಂಡ ಬಿಟ್ಟು ಇಂಗ್ಲೆಂಡಿನವರ ಹಿಂದೆ ಏಕೆ ಎಂದು ಕೇಳುವವರಿದ್ದಾರೆ. ಬೆಂಗಳೂರು ಎಫ್‌ಸಿಯನ್ನು ನಾವು ಬಿಟ್ಟಿಲ್ಲ. ಏಷ್ಯಾದ ಕ್ಲಬ್ಬುಗಳ 2016ರ ಎಎಫ್‌ಸಿ ಕಪ್ಪಿನಲ್ಲಿ ಅವರು ಹಾಂಗ್‌ಕಾಂಗಿನ ಕಿಚಿ, ಸಿಂಗಪುರದ ಟ್ಯಾಂಪಿನ್ಸ್ ರೋವರ್ಸ್ ದಾಟಿ ಸೆಮಿಫೈನಲ್‌ಗೆ ಬಂದಾಗ ತಾಳಗುಪ್ಪದ ರೈಲು ಹತ್ತಿ ಕಂಠೀರವಕ್ಕೆ ಹೋಗಿದ್ದೆವು. ಅಕ್ಟೋಬರ್ 19. ಮಲೇಷ್ಯಾದ ಜೊಹೊರ್ ತಂಡ ಹಿಂದಿನ ವರ್ಷದ ಚಾಂಪಿಯನ್. ಅಲ್ಲಿ 1–1 ಆಗಿತ್ತು. ಇಲ್ಲಿ ಅವರೇ ಮೊದಲು ಗೋಲು ಹೊಡೆದರು. ಆಮೇಲೆ ಛೆಟ್ರಿ ಎರಡು, ಹುವಾನನ್ ಒಂದು. ಭಾರತದ ಒಂದು ಕ್ಲಬ್ ಆ ಕಪ್ಪಿನ ಫೈನಲ್ ತಲುಪಿದ್ದು ಅದೇ ಮೊದಲು. ದೋಹಾದ ಫೈನಲ್‌ನಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ 1–0ರಿಂದ ಸೋತದ್ದು ಇನ್ನೂ ನೋಯುತ್ತದೆ. ಆದರೆ ಅಲ್ಲಿ ಮೊದಲು ಗುಂಪು ಹಂತ, ಆಮೇಲೆ ಕ್ವಾರ್ಟರ್ ಫೈನಲ್, ಸೆಮಿಫೈನಲ್‌ಗಳಲ್ಲಿ ಮನೆಯಲ್ಲೊಂದು ಹೊರಗೊಂದು ಎಂದು ಎರಡೆರಡು ಪಂದ್ಯ. ಒಂದು ರಾತ್ರಿ ಎಡವಿದರೂ ಎದ್ದೇಳಲು ಇನ್ನೊಂದು ರಾತ್ರಿ ಇರುತ್ತಿತ್ತು. ನಮ್ಮ ಚೊಂಬಿನ ಆಟಕ್ಕೆ ಒಂದೇ ಏಟಿನಲ್ಲಿ ತೀರ್ಮಾನವಾಗುವ ಕಪ್ಪೇ ಬೇಕು.

ಏಪ್ರಿಲ್ 26ರ ರಾತ್ರಿ 9.45ಕ್ಕೆ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಸೆಮಿಫೈನಲ್. ಅತ್ತಿಗೆಯೂ ನಾನೂ ವಿಲ್ಲಾ ಎಂದು ಕೂತಿದ್ದರೆ ಕ್ರಿಸ್ಟಲ್ ಪ್ಯಾಲೆಸ್ ನಡುವೆ ಒಂದು ಪೆನಾಲ್ಟಿ ಹೊರಗೆ ಹೊಡೆದೂ 3–0ರಿಂದ ಗೆದ್ದಿತು. ಮರುದಿನ ಸಿಟಿ ಗೆದ್ದಿತು. ಹೀಗೆ ಫೈನಲ್‌ಗೆ ನಮ್ಮ ಮನೆಯಲ್ಲಿ ಎರಡೇ ಪಕ್ಷ ಉಳಿದವು: ಅತ್ತಿಗೆ, ನಾನು, ಇನ್ನೂ ಹಲವರು ಪ್ಯಾಲೆಸ್, ಅಣ್ಣನ ಮಗ ಒಬ್ಬನೇ ಸಿಟಿ.

ಪ್ಯಾಲೆಸ್ ಅದುವರೆಗೆ ದೊಡ್ಡ ಪ್ರಶಸ್ತಿಯೊಂದನ್ನೂ ಗೆದ್ದಿರಲಿಲ್ಲ. 1990 ಮತ್ತು 2016ರಲ್ಲಿ ಫೈನಲ್‌ಗೆ ಬಂದು ಎರಡು ಸಲವೂ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಸೋತಿತ್ತು. 2025ರ ಮೇ 17, ರಾತ್ರಿ 9. ಗುಡುಗು ಮಳೆಗೆ ಸಂಜೆಯೇ ಕರೆಂಟು ಹೋಗಿತ್ತು, ಇನ್ವರ್ಟರಿನಲ್ಲಿ ಒಂದು ದೀಪ, ಒಂದು ಮೊಬೈಲ್. ಹದಿನಾರನೆಯ ನಿಮಿಷದಲ್ಲಿ ಬಲಗಡೆಯಿಂದ ಮುನ್ಯೋಸ್ ಕಳುಹಿಸಿದ ಚೆಂಡನ್ನು ಎಬೆರೆಚಿ ಎಜೆ ನೆಲಕ್ಕೆ ಬೀಳುವ ಮೊದಲೇ ಬಲೆಗೆ ತಿರುಗಿಸಿದರು. ಅಲ್ಲಿಂದ ಚೆಂಡು ಹೆಚ್ಚೂಕಡಿಮೆ ಸಿಟಿಯವರ ಕಾಲಲ್ಲೇ. ಪ್ಯಾಲೆಸ್ ಗೋಲ್‌ಕೀಪರ್ ಹೆಂಡರ್ಸನ್ ಗೋಲಿನ ಮುಂದಿನ ಚೌಕದ ಗೆರೆಯ ಹೊರಗೆ ಚೆಂಡನ್ನು ಕೈಯಲ್ಲಿ ಮುಟ್ಟಿದರೇ ಎಂಬ ತಕರಾರು ಬಂತು. ಕೆಂಪು ಕಾರ್ಡ್ ಬರಲಿಲ್ಲ. ‘ಇದು ಮೋಸ ಅಮ್ಮ’ ಎಂದು ಹುಡುಗ ಕೂಗಿದ. ಸ್ವಲ್ಪ ಹೊತ್ತಿಗೆ ಸಿಟಿಗೆ ಪೆನಾಲ್ಟಿ ಸಿಕ್ಕಿತು. ಹಾಲಂಡ್ ಹೊಡೆಯುತ್ತಾರೆ ಎಂದುಕೊಂಡರೆ ಚೆಂಡನ್ನು ಮರ್ಮೂಶ್ ಕೈಗೆ ಕೊಟ್ಟರು. ಹೆಂಡರ್ಸನ್ ಅದನ್ನೂ ತಡೆದರು. ‘ದೇವರು ನೋಡಿದ, ಮೋಸವಲ್ಲ ಎಂದ’ ಎಂದು ಅತ್ತಿಗೆ ತೀರ್ಪು ಕೊಟ್ಟರು. ಹುಡುಗ ಎದ್ದು ಹೋಗಿ ಜಗಲಿಯಲ್ಲಿ ಮಳೆ ನೋಡುತ್ತ ನಿಂತವನು ಎರಡನೆಯ ಅರ್ಧಕ್ಕೆ ಮೆಲ್ಲಗೆ ವಾಪಸು ಬಂದ. 1–0ಕ್ಕೇ ಪಂದ್ಯ ಮುಗಿಯಿತು.

ಲೆಕ್ಕ ಹಾಕಿದರೆ ಅತ್ತಿಗೆಯದು ನಾಲ್ಕು ಹೆಸರು: ಟ್ಯಾಮ್‌ವರ್ತ್, ಟಾಟನ್‌ಹ್ಯಾಮ್, ವಿಲ್ಲಾ, ಪ್ಯಾಲೆಸ್. ಹುಡುಗನದೂ ನಾಲ್ಕು, ದಂಡ ಸೇರಿ ಆರು. ನನ್ನದೂ ಆರು. ಆದ್ದರಿಂದ ಕಡುಬಿನ ಖರ್ಚು ಇಬ್ಬರಿಗೆ ಹಂಚಿಹೋಯಿತು. ಹಲಸಿನ ಹಣ್ಣು ನಾನು ಬಿಡಿಸಿದೆ, ಅಕ್ಕಿ ಅವನು ರುಬ್ಬಿದ. ಹಾಸ್ಟೆಲಿನ ಹುಡುಗನಿಗೆ ಗ್ರೈಂಡರ್ ಮುಂದೆ ನಿಲ್ಲುವುದು ಹೊಸ ಅನುಭವ, ಹಿಟ್ಟು ಸ್ವಲ್ಪ ತೆಳ್ಳಗಾಯಿತು. ಆದರೂ ಒಂದೂ ಉಳಿಯಲಿಲ್ಲ.

ಮುಂದಿನ ಸಲ ಅವನು ಹುಷಾರಾದ. ಮತ್ತೆ ಮೂರನೆಯ ಸುತ್ತಿಗೇ ಸೇರಿದ, ಈ ಬಾರಿ ಹಾಲಿ ಚಾಂಪಿಯನ್ ಪ್ಯಾಲೆಸ್ ತಂಡವನ್ನೇ ಆರಿಸಿದ. ಎದುರಾಳಿ ಮ್ಯಾಕಲ್ಸ್‌ಫೀಲ್ಡ್. ಆ ಊರಿನ ಹಳೆಯ ಕ್ಲಬ್ ಸಾಲದಲ್ಲಿ ಮುಳುಗಿ 2020ರಲ್ಲಿ ಮುಚ್ಚಿಹೋಗಿ, ಅದರ ಜಾಗದಲ್ಲಿ ಹೊಸದಾಗಿ ಎದ್ದ ಆರನೆಯ ದರ್ಜೆಯ ತಂಡ. ಇಂಗ್ಲೆಂಡಿನ ತಂಡಗಳ ಏಣಿಯಲ್ಲಿ ಪ್ಯಾಲೆಸ್‌ಗಿಂತ 117 ಮೆಟ್ಟಿಲು ಕೆಳಗೆ. ಅಕ್ಟೋಬರಿನಲ್ಲಿ ಆ ಚೀಟಿ ಬಂದಿದ್ದದ್ದು ನಮ್ಮ ಕೊನೆಗೌಡನಿಗೆ. 2026ರ ಜನವರಿ 10, ಶನಿವಾರ, ಮ್ಯಾಕಲ್ಸ್‌ಫೀಲ್ಡ್ 2–1ರಿಂದ ಗೆದ್ದಿತು. ಹಾಲಿ ಚಾಂಪಿಯನ್ನರನ್ನು ಲೀಗಿನ ನಾಲ್ಕು ದರ್ಜೆಗಳ ಹೊರಗಿನ ತಂಡವೊಂದು ಹೊರಹಾಕಿ ನೂರು ವರ್ಷಕ್ಕೂ ಮೇಲಾಗಿತ್ತು. ಹಿಂದೆ 1909ರಲ್ಲಿ ಹಾಗೆ ಮಾಡಿದ್ದವರು ಬೇರೆ ಯಾರೂ ಅಲ್ಲ, ಆಗಿನ್ನೂ ಲೀಗಿಗೆ ಸೇರಿರದ ಇದೇ ಪ್ಯಾಲೆಸ್.

ಹುಡುಗ ಪುಸ್ತಕ ತೆಗೆದು ಗೆರೆ ಎಳೆದು ಮ್ಯಾಕಲ್ಸ್‌ಫೀಲ್ಡ್ ಎಂದು ಬರೆಯಲು ಹೊರಟ. ಕೊನೆಗೌಡ ತನ್ನ ಪಕ್ಕದ ಮೆಟ್ಟುಗತ್ತಿಯನ್ನು ಅವನ ಕಡೆಗೆ ತಳ್ಳಿದ. ‘ನಮ್ಮ ತಂಡಕ್ಕೆ ಸೇರುತ್ತೀಯಲ್ಲ ತಮ್ಮಾ, ಮೊದಲು ಒಂದು ಬುಟ್ಟಿ ಸುಲಿ. ಆಮೇಲೆ ಬರೆಯುವೆಯಂತೆ.’